ಬೊಗಳಿದ ಮೋಟರ್

ಸಿಂಧನೂರಿನಲ್ಲಿ ನಮ್ಮದೊಂದು ಸ್ಟಾರ್ಟಪ್ ಕಂಪನಿ ಇದೆ. ಮಾಲೀಕನೂ ಎಂಜಿನಿಯರೂ ನಾನೇ. ಉಳಿದೆಲ್ಲ ನನ್ನ ಹೆಂಡತಿ ರೇಣುಕಾ. ಮೊದಲು ನಾವು ಮಾಡಿದ್ದು ಒಂದೇ ಮಾಲು: ಮನೆಯಲ್ಲಿ ಕೂತು ಫೋನ್ ಒತ್ತಿದರೆ ಹೊಲದ ಮೋಟರ್ ಚಾಲೂ ಆಗುವ ಡಬ್ಬಿ. ಅಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು.

ಆದರೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನುವ ರೂಢಿ ನಮ್ಮ ಕಡೆ ಇಲ್ಲ. ರೈಸ್ ಮಿಲ್ಲಿನವರು ಭತ್ತದ ತೇವ ಅಳೆಯುವ ಡಬ್ಬಿ ಕೇಳಿದರು. ಚಹಾ ಕುಡಿಸಿ ಆಯಿತೆಂದೆ. ಮಸ್ಕಿಯ ಕುರಿಗಾರರು ತೋಳ ಬಂದರೆ ನಾಯಿಯಂತೆ ಬೊಗಳುವ ಡಬ್ಬಿ ಕೇಳಿದರು. ಅದಕ್ಕೂ ಆಯಿತೆಂದೆ. ಕಲ್ಯಾಣ ಮಂಟಪದವರು ಎರಡನೇ ಸಲ ಊಟಕ್ಕೆ ಕೂತವರನ್ನು ಹಿಡಿಯುವ ಡಬ್ಬಿ ಕೇಳಿದಾಗ ಮಾತ್ರ ತುಸು ಯೋಚಿಸಿ, ಆಯಿತೆಂದೆ.

"ಎಷ್ಟ್ ನಮೂನಿ ಮಾಡ್ತೀರಿ? ಒಂದರೆ ನೆಟ್ಟಗ ಮಾಡ್ರಿ," ಎಂದಳು ರೇಣುಕಾ.

"ಇದಕ್ಕ ಪ್ರಾಡಕ್ಟ್ ರೇಂಜ್ ಅಂತಾರ. ನಿನಗ ತಿಳಿಯಂಗಿಲ್ಲ ಬಿಡು."

ಖರ್ಚು ಉಳಿಯಲೆಂದು ಎಲ್ಲ ಮಾಲಿಗೂ ಒಂದೇ ಬಿಳಿ ಡಬ್ಬಿ, ಒಂದೇ ಆ್ಯಪ್ ಮಾಡಿದ್ದೆ.

ಲಿಂಗಸುಗೂರಿನಲ್ಲಿ ಮೋಟರ್, ಪೈಪು ಮಾರುವ ಸಾವ್ಕಾರರು ನಮ್ಮ ಮೋಟರಿನ ಡಬ್ಬಿ ನೋಡಲು ಒಪ್ಪಿದರು. ಅವರು ಅಂಗಡಿಯಲ್ಲಿಟ್ಟರೆ ಕಂಪನಿ ಉಳಿಯುತ್ತದೆ. ಇಲ್ಲವಾದರೆ ಬಾಗಿಲು ಹಾಕಿ ನಾನು ಮಾವನವರ ಗೊಬ್ಬರದ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಬಳಗಾನೂರಿನಲ್ಲಿ ಮಾವನವರ ಗದ್ದೆಯ ಬದುವಿನ ಮೇಲೆ ನಾನು, ರೇಣುಕಾ ಸೇರಿ ಸಾವ್ಕಾರರಿಗೆ ಕುರ್ಚಿ ಹಾಕಿದೆವು. ಡಬ್ಬಿಯನ್ನು ಮೋಟರಿಗೆ ಜೋಡಿಸಿ, ಸಣ್ಣದೊಂದು ಭಾಷಣ ಮುಗಿಸಿ, ಫೋನ್ ಒತ್ತಿದೆ.

ಮೋಟರ್ ಬೊಗಳಿತು!

ಅವಸರದಲ್ಲಿ ಕುರಿಗಾರರ ಡಬ್ಬಿ ತಂದಿದ್ದೆ. ಬಂದ್ ಮಾಡಲು ಒತ್ತಿದರೆ ಇನ್ನೂ ಜೋರಾಯಿತು. ನೀರು ಮಾತ್ರ ಒಂದು ಹನಿಯೂ ಬರಲಿಲ್ಲ. ಪಕ್ಕದ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಹುಚ್ಚುನಾಯಿ ಎಂದುಕೊಂಡು ಕೈಯಲ್ಲಿ ಮಣ್ಣಿನ ಹೆಂಟೆ ಹಿಡಿದು ನಿಂತರು. ನಾನು ಬೆವರುತ್ತ ವೈರ್ ಕಿತ್ತೆ.

ಸಾವ್ಕಾರರು ನಿಧಾನಕ್ಕೆ ಎದ್ದರು. "ಮೋಟರ್ ಚಾಲೂ ಮಾಡೋ ಡಬ್ಬಿ ನನ್ನ ಅಂಗಡ್ಯಾಗ ಬೇಕಾದಷ್ಟು ಅದಾವ್ರಿ. ರಾತ್ರಿ ಹೊಲಕ್ಕ ಬಂದು ಮೋಟರಿನ ಕೇಬಲ್ ಕದಿಯೋ ಕಳ್ಳರನ್ನ ಓಡ್ಸೋದು ಒಂದೂ ಇಲ್ಲ. ಇದೊಂದ ಮಾಡ್ರಿ, ಉಳಿದದ್ದೆಲ್ಲ ಬಿಡ್ರಿ. ನಾ ಇಟ್ಕೋತೀನಿ."

ಕಂಪನಿ ಉಳಿಯಿತು. ನನಗೆ ಅಳುವೇ ಬಂತು.

ಸಾವ್ಕಾರರು ರೇಣುಕಾಳ ಕಡೆ ತಿರುಗಿದರು. "ಅಲ್ಲಮ್ಮ, ಇಷ್ಟು ಖಡಕ್ ಬೊಗಳ್ತೈತಿ, ಎಲ್ಲಿ ನಾಯಿದು ಈ ದನಿ?"

ನಾನು ಬದುವಿನ ಹುಲ್ಲು ನೋಡತೊಡಗಿದೆ. ನಮ್ಮ ಓಣಿಯ ನಾಯಿಗಳು ಮೈಕ್ ಮುಂದೆ ಬಾಯಿಯೇ ಬಿಟ್ಟಿರಲಿಲ್ಲ. ಕೊನೆಗೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಬೊಗಳಿದವನು ನಾನೇ.

ರೇಣುಕಾ ಸೆರಗು ಸರಿಮಾಡಿಕೊಂಡಳು.

"ನಮ್ಮ ಮನಿದ ಐತ್ರಿ. ಹೇಳಿದ್ದು ಕೇಳಂಗಿಲ್ಲ, ಆದ್ರ ಭಾಳ ಛಲೋ ಐತಿ."