ಹೋಯ್ಟ್ ಈ ಸಲ ಸಾಯಕೂಡದು

ವರ್ನಾ: ಸಾಯಕೂಡದು ಅಂದ್ರೆ ಸಾಯಕೂಡದು. ಮಾತು ಮುಗೀತು.

ಹೋಯ್ಟ್: ಅದು ಹೇಗೆ ಮುಗಿಯುತ್ತೆ? ಎಷ್ಟು ವರ್ಷದಿಂದ ಈ ಊರಿಗೋಸ್ಕರ ಸಾಯ್ತಾ ಇದೀನಿ! ಒಂದ್ಸಲ ತಪ್ಪಿಸಿದೀನಾ? ಮೈ ಸುಡೋ ಜ್ವರದಲ್ಲೂ ಬಂದು ಸತ್ತು ಹೋಗಿದೀನಿ.

ವರ್ನಾ: ಊರಿಗೋಸ್ಕರ ಅಲ್ಲ, ಇಂಗ್ಲೆಂಡಿನ ದೊರೆಗೋಸ್ಕರ. ಕೆಂಪು ಕೋಟು ಹಾಕ್ಕೊಂಡು ಸಾಯೋದಕ್ಕೆ ಇಷ್ಟು ಜಂಭ ಬೇರೆ!

ದಕ್ಷಿಣ ಕೆರೊಲಿನಾದ ನಮ್ಮ ಡ್ರೈ ಫೋರ್ಕ್ ಊರಿನಲ್ಲಿ, ಹಳ್ಳದ ಪಕ್ಕದ ಮೈದಾನದಲ್ಲಿ, ಕಾಳಗ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ನಡೆದ ಜಗಳ ಇದು. ಇನ್ನೂರೈವತ್ತು ವರ್ಷದ ಹಿಂದೆ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, ನಮ್ಮೂರಿನವರು ಇಂಗ್ಲಿಷರ ದಂಡನ್ನು ಇಲ್ಲಿಂದಲೇ ಅಟ್ಟಿದ್ದು. ಪ್ರತಿ ಮೇ ತಿಂಗಳಲ್ಲಿ ಅದನ್ನು ಆಡಿ ತೋರಿಸುತ್ತೇವೆ. ಮೈಕು ಹಿಡಿಯುವವನು ನಾನು. ಇಂಗ್ಲಿಷ್ ಮೇಜರ್ ಆಗಿ ಎಲ್ಲರಿಗಿಂತ ಮೊದಲು ಸಾಯುವವನು ಹೋಯ್ಟ್. ವರ್ನಾ ಅವನ ಹೆಂಡತಿ. ವರ್ನಾಳ ಅಣ್ಣ ಲೂಥರ್ ನಮ್ಮ ಕಡೆಯ ದಂಡನಾಯಕ. ಹೋಯ್ಟನಿಗೆ ಗುಂಡು ಹೊಡೆಯುವ ಹಕ್ಕು ಅವನೊಬ್ಬನದು. ತಂಗಿಯ ಗಂಡನ ಮೇಲೆ ಇಷ್ಟು ಅಕ್ಕರೆಯಿಂದ ಗುರಿಯಿಡುವವನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲೂಥರ್: ಬೇಜಾರು ಮಾಡ್ಕೋಬೇಡ ಹೋಯ್ಟ್. ಈ ಸಲ ಮೇಜರ್ ಪಾತ್ರ ಟ್ರಾವಿಸ್‌ಗೆ. ನನ್ನ ಅಳಿಯ ಅಂತಲ್ಲ...

ಹೋಯ್ಟ್: ಅಳಿಯ ಅಂತಲೇ!

ಲೂಥರ್: ಗಟ್ಟಿಮುಟ್ಟು ಆಳು ಕಣಯ್ಯ. ಬಿದ್ರೆ ಎದ್ದೇಳ್ತಾನೆ.

ಹೋಯ್ಟ್: ಸತ್ತೋನು ಎದ್ದು ಏನು ಮಾಡ್ಬೇಕು ಭಾವ? ಸಾಯೋ ಕೆಲಸಕ್ಕೆ ಏಳೋಕೆ ಬರುತ್ತಾ ಅಂತ ಕೇಳಿ ಆಳು ಹಿಡೀತಾರಾ?

ವರ್ನಾ: ಹೋದ ವರ್ಷ ಏನಾಯ್ತು? ಉಳಿದ ಹೆಣಗಳೆಲ್ಲ ಎದ್ದು ಹೋಗಿ ಸುಟ್ಟ ಹಂದಿಮಾಂಸಕ್ಕೆ ಸಾಲು ನಿಂತ್ಕೊಂಡ್ವು. ಇವನೊಬ್ಬ ಬಿದ್ದಲ್ಲೇ! ಕೊನೆಗೆ ಫೈರ್ ಇಂಜಿನ್ನಿನೋರನ್ನ ಕರೆಸಿ ಎತ್ತಿಸಬೇಕಾಯ್ತು.

ಹೋಯ್ಟ್: ಮಂಡಿ ಹಿಡ್ಕೊಂಡಿತ್ತು, ಅದಕ್ಕೇನೀಗ? ಎಷ್ಟು ನಿಜವಾಗಿ ಸತ್ತೆ ಅಂತ ಪಾದ್ರಿಗಳೇ ಮೆಚ್ಕೊಂಡ್ರು.

ವರ್ನಾ: ಮೆಚ್ಕೊಂಡಿದ್ದಲ್ಲ ಮಾರಾಯ, ಸತ್ತೋರಿಗೆ ಹೇಳೋ ಪ್ರಾರ್ಥನೆ ಶುರು ಮಾಡಿದ್ರು! ನಾನೂ ನೀನು ಹೋದೆ ಅಂತಾನೇ ತಿಳ್ಕೊಂಡೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ ಹೋಯ್ಟ್.

ಹೋಯ್ಟ್ ತಲೆ ತಗ್ಗಿಸಿದ. ಪಾಪ, ಹೆಂಡತಿಯ ಮಾತು ಎದೆಗೆ ತಟ್ಟಿತು ಎಂದುಕೊಂಡೆ. ಎಲ್ಲಿ ತಟ್ಟಬೇಕು!

ಹೋಯ್ಟ್: ನೋಡಿದ್ಯಾ ಭಾವ? ಕಟ್ಕೊಂಡೋಳೇ ನಂಬೋ ಹಾಗೆ ಸತ್ತಿದೀನಿ. ಇನ್ನೇನು ಸಾಕ್ಷಿ ಬೇಕು ನಿನಗೆ?

ವರ್ನಾ: ಅಣ್ಣಾ, ಇವನ ಕೈಗೆ ಸೌಟು ಕೊಡು.

ಲೂಥರ್: ನೀನು ಇಂಗ್ಲಿಷರ ಅಡುಗೆಯವನು. ಕಡಾಯಿ ಮುಂದೆ ಕುರ್ಚಿ ಹಾಕ್ಸಿದೀನಿ, ನೆರಳಿದೆ. ಬೀನ್ಸ್ ತಳ ಹಿಡೀದ ಹಾಗೆ ತಿರುವ್ತಾ ಇರು.

ಹೋಯ್ಟ್: ರಾಜಧಾನಿಯಿಂದ ದೊಡ್ಡೋರು ಬಂದಿದಾರೆ, ಟೀವಿಯೋರು ಬಂದಿದಾರೆ. ನಾನು ಬೀನ್ಸ್ ತಿರುವ್ತಾ ಕೂರ್ಬೇಕಾ? ಇದಕ್ಕಿಂತ ಸಾಯೋದು ಮೇಲು!

ವರ್ನಾ: ಅದೇ ಬೇಡ ಅಂತ ಬೆಳಿಗ್ಗೆಯಿಂದ ಬಡ್ಕೋತಿರೋದು.

ಅಷ್ಟರಲ್ಲಿ ಟ್ರಾವಿಸ್ ಬಂದ. ಹೋಯ್ಟನ ಕೋಟು ಅವನ ಹೆಗಲಿಗೆ ಬಿಗಿದು, ಗುಂಡಿಗಳು ಈಗಲೋ ಆಗಲೋ ಎನ್ನುತ್ತಿದ್ದವು.

ಟ್ರಾವಿಸ್: ಹೋಯ್ಟ್ ಮಾವ, ಬೀಳೋವಾಗ ಎಡಕ್ಕೆ ಬೀಳ್ಲೋ ಬಲಕ್ಕೆ ಬೀಳ್ಲೋ?

ಹೋಯ್ಟ್: ಹಳ್ಳಕ್ಕೆ ಬೀಳು!

ನಗಾರಿ ಬಡಿಯಿತು. ಜನ ಬೇಯಿಸಿದ ಕಡಲೆಕಾಯಿ ಪೊಟ್ಟಣ ಹಿಡಿದು ಹಗ್ಗದ ಆಚೆ ಒತ್ತಿಕೊಂಡು ನಿಂತರು. ನಾನು ಗಂಟಲು ಸರಿಮಾಡಿಕೊಂಡು, "ಮಹಾಜನಗಳೇ, ಇಗೋ, ಸ್ವಾತಂತ್ರ್ಯದ ಮೊದಲ ಗುಂಡು!" ಎಂದು ಕೂಗಿದೆ. ಲೂಥರ್ ತನ್ನ ಹಳೇ ಕಾಲದ ಕೋವಿ ಎತ್ತಿ, ಟ್ರಾವಿಸನಿಗೆ ಗುರಿಯಿಟ್ಟು, ಟ್ರಿಗರ್ ಎಳೆದ. ಟಿಕ್ ಎಂದಿತು. ಅಷ್ಟೇ. ಹಳ್ಳದ ತಂಪಿಗೆ ಮದ್ದು ಥಂಡಿ ಹಿಡಿದಿತ್ತು.

ಲೂಥರ್: ಬೀಳಯ್ಯಾ.

ಟ್ರಾವಿಸ್: ಗುಂಡು ಹಾರಲಿಲ್ವಲ್ಲ ಮಾವ.

ಲೂಥರ್: ಹಾರ್ತು ಅಂದ್ಕೋ!

ಟ್ರಾವಿಸ್: ನಾನು ಅಂದ್ಕೋತೀನಿ, ಜನ ಅಂದ್ಕೋಬೇಕಲ್ಲ? ಸದ್ದು ಕೇಳದೆ ಯಾವನೂ ಸಾಯಬಾರದು ಅಂತ ತಾಲೀಮಿನಲ್ಲಿ ನೀವೇ ಬೈದಿದ್ರಿ.

ಲೂಥರ್ ಮತ್ತೆ ಎಳೆದ. ಮತ್ತೆ ಟಿಕ್. ಮೇಜರ್ ಸಾಯದೆ ಇಂಗ್ಲಿಷರು ಓಡುವಂತಿಲ್ಲ. ಉಣ್ಣೆಯ ಕೋಟಿನಲ್ಲಿ ಬೆವರು ಸುರಿಸುತ್ತ ಅವರೂ ನಿಂತರು. ಇಂಗ್ಲಿಷರು ಓಡದೆ ನಮ್ಮವರು ಗೆಲ್ಲುವಂತಿಲ್ಲ. "ಆ ಕಾಲದಲ್ಲೂ ಯುದ್ಧ ಸ್ವಲ್ಪ ನಿಧಾನವಾಗೇ ನಡೀತಿತ್ತು ಸ್ವಾಮೀ" ಎಂದು ಮೈಕಿನಲ್ಲಿ ನಾನೇ ಒಂದು ಮಾತು ಸೇರಿಸಿದೆ. ಇನ್ನೇನು ಮಾಡಲಿ?

ಲೂಥರ್: ನಿನ್ನ ಕಾಲಿಗೆ ಬೀಳ್ತೀನಿ, ಸಾಯಪ್ಪ!

ಟ್ರಾವಿಸ್: ನೀವು ಬೀಳ್ಬೇಡಿ ಮಾವ, ಬೀಳ್ಬೇಕಾದೋನು ನಾನು. ಆದ್ರೆ ಸದ್ದು ಬೇಕು.

ಲೂಥರ್ ಹಲ್ಲು ಕಚ್ಚಿ ಕೋವಿಯನ್ನು ಅಲ್ಲಾಡಿಸಿದ, ತಟ್ಟಿದ, ಬೈದ. ಆಗ ಢಂ ಎಂದಿತು ನೋಡಿ! ಬರೀ ಮದ್ದು, ಒಳಗೆ ಗುಂಡಿಲ್ಲ, ಸರಿ. ಆದರೆ ಕೋವಿಯ ಮೂತಿ ಆ ಹೊತ್ತಿಗೆ ಟ್ರಾವಿಸನ ಕಡೆಗಿರಲಿಲ್ಲ. ಮೈದಾನದ ಆ ತುದಿಯ ಅಡುಗೆ ಕಡಾಯಿಯ ಕಡೆಗಿತ್ತು.

ಹೋಯ್ಟ್ ಇಂಥ ಅವಕಾಶ ಬಿಡುವವನೇ? ಸೌಟು ಹಿಡಿದೇ ಎದ್ದ. ಎದೆ ಹಿಡಿದುಕೊಂಡ. ಕಡಾಯಿಯ ಸುತ್ತ ತೂರಾಡಿ, "ದೊರೆಗೆ ಜಯವಾಗಲಿ!" ಎಂದು ಅರಚಿ ಧೊಪ್ಪೆಂದು ಬಿದ್ದ. ತಮ್ಮ ಕಡೆ ಅಂತೂ ಒಬ್ಬ ಸತ್ತ ಎಂದು ಇಂಗ್ಲಿಷ್ ದಂಡು ಖುಷಿಯಾಗಿ ಓಟ ಕಿತ್ತಿತು.

ಟ್ರಾವಿಸ್: ಮಾವ, ಈಗ ನಾನು?

ಲೂಥರ್: ನೀನೂ ಓಡು! ಕಣ್ಣೆದುರು ನಿಲ್ಬೇಡ!

ವರ್ನಾ ಕೈಲಿದ್ದ ಕಡಲೆಕಾಯಿ ಚೆಲ್ಲಿ, ಆಟಕ್ಕೆಂದು ಹಾಕಿದ್ದ ಹಳೇ ಕಾಲದ ಲಂಗ ಎತ್ತಿಕಟ್ಟಿ, ಹಗ್ಗ ದಾಟಿ ಓಡಿಬಂದಳು. ಅವಳ ಮುಖ ನೋಡಿ ನನಗೂ ಜೀವ ಹಾರಿತು. ಮೈಕು ಹಿಡಿದುಕೊಂಡೇ ಹಿಂದೆ ಓಡಿದೆ.

ವರ್ನಾ: ಹೋಯ್ಟ್! ಅಯ್ಯೋ ದೇವರೇ! ಬೇಡ ಬೇಡ ಅಂದ್ರೂ ಕೇಳಲಿಲ್ವಲ್ಲೋ! ಕಣ್ಣು ಬಿಡೋ! ನನ್ನ ಒಬ್ಬಳನ್ನೇ ಬಿಟ್ಟು ಹೋಗ್ಬೇಡ ಕಣೋ!

ಹೋಯ್ಟ್ (ತುಟಿ ಅಲ್ಲಾಡಿಸದೆ): ಪಕ್ಕಕ್ಕೆ ಸರಿ. ಟೀವಿಯೋರಿಗೆ ಅಡ್ಡ ಬಂದಿದೀಯ.

ವರ್ನಾ ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಗುದ್ದುತ್ತ ಅತ್ತಳು, ಅಳುತ್ತ ಮತ್ತೆ ಗುದ್ದಿದಳು. ಬದುಕಿದ್ದಾನಲ್ಲ ಎಂಬ ಸಂತೋಷ ಎಷ್ಟು, ಕೋಪ ಎಷ್ಟು, ಅವಳಿಗೇ ಗೊತ್ತಿರಲಿಲ್ಲ. ಆಟ ನಿಲ್ಲಬಾರದಲ್ಲ, ನಾನು ತಕ್ಷಣ ಮೈಕಿನಲ್ಲಿ "ಮಹಾಜನಗಳೇ, ಅಡುಗೆಯವನ ವಿಧವೆ!" ಎಂದುಬಿಟ್ಟೆ. ಜನ ಹಗ್ಗದ ಮೇಲೆ ಬಾಗಿ ನೋಡಿದರು. ಹೆಂಗಸರು ಮೂಗು ಒರೆಸಿಕೊಂಡರು. ಚಪ್ಪಾಳೆಯೋ ಚಪ್ಪಾಳೆ! ಟೀವಿಯವನು ಓಡಿಬಂದು ಕ್ಯಾಮೆರಾವನ್ನು ವರ್ನಾಳ ಮುಖಕ್ಕೇ ಹಿಡಿದ.

ಹೋಯ್ಟ್: ವರ್ನಾ, ಸಾಕು. ಮಂಡಿ ಹಿಡ್ಕೊಳ್ತಾ ಇದೆ. ನೀನು ಹೇಳಿದ್ದೇ ಸರಿ, ಒಪ್ಕೊಂಡೆ. ಇನ್ಮೇಲೆ ಸಾಯಲ್ಲ. ಎತ್ತು ನನ್ನ.

ವರ್ನಾ ತಲೆಯ ಬಟ್ಟೆ ಸರಿಮಾಡಿಕೊಂಡಳು. ಕ್ಯಾಮೆರಾ ಯಾವ ಕಡೆಗಿದೆ ಎಂದು ಓರೆಗಣ್ಣಿನಲ್ಲಿ ನೋಡಿದಳು. ಗಂಡನ ಎದೆಯ ಮೇಲೆ ಮೆಲ್ಲನೆ ತಲೆಯಿಟ್ಟಳು.

ವರ್ನಾ: ಬಾಯ್ಮುಚ್ಕೊಂಡು ಬಿದ್ದಿರು. ಜನ ಇನ್ನೂ ಚಪ್ಪಾಳೆ ಹೊಡೀತಿದಾರೆ. ಈಗೇನಾದ್ರೂ ಎದ್ಯೋ, ನಾನೇ ಕೊಂದ್ಬಿಡ್ತೀನಿ!