ಒಳಗಿಂದ ಚಿಲಕ ಹಾಕಿಕೊಂಡ ಒವನ್

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಮೊದಲು ಹುಡುಕುವುದು ಕೆಟ್ಟ ಭಾಗವನ್ನಲ್ಲ, ಕೆಡಿಸಿದವರನ್ನು. ಫ್ಯಾನು ನಿಂತರೆ ನನ್ನ ಮೇಲೆ ಅನುಮಾನ, ಮಿಕ್ಸಿ ಸುಟ್ಟರೆ ಅವ್ವನ ಮೇಲೆ. ಚಳ್ಳಕೆರೆಯ ಇಂಥ ಮನೆಗೆ ಒವನ್ ಬಂತು.

ಕಾವಲಿನ ಕಡೆಯದು

ಉಳ್ಳಾರ್ತಿ ಕಾವಲಿನಲ್ಲಿ ಬಂದೂಕಿನವರು ಕಾಯುವ ಸರ್ಕಾರಿ ಸಂಶೋಧನಾ ಕೇಂದ್ರದ ಕ್ವಾರ್ಟರ್ಸ್‌ನಲ್ಲಿದ್ದ ಆಫೀಸರ್ ಒಬ್ಬರು ವರ್ಗವಾಗಿ ಹೋಗುವಾಗ ಮಾರಿದ ಸೆಕೆಂಡ್ ಹ್ಯಾಂಡ್ ಒವನ್ ಅದು. ಮೊಟ್ಟೆಯಿಲ್ಲದ ಕೇಕು ಮಾಡಿ ಮಾರಬೇಕೆಂದು ನನ್ನ ಆಸೆ.

"ಮೊದಲ್ನೇ ಆರ್ಡರಿನ ಕೇಕು ಹೊತ್ತಿಗೆ ಸರಿಯಾಗಿ ಹೋಗ್ಬೇಕು. ಇಲ್ಲಾಂದ್ರೆ ಇದು ಗುಜರಿಗೆ," ಎಂದರು ಅಪ್ಪ.

ನೋಡಲು ಬಂದ ಪಕ್ಕದ ಮನೆ ಆಂಟಿ ಬಾಗಿಲಲ್ಲೇ ನಿಂತರು. "ಮಿಲಿಟ್ರಿ ಕಡೇದು ಅಂತೀರಿ. ಒಳಗೆ ಮಾತು ಕೇಳಿಸ್ಕೊಳ್ಳೋ ಮಷೀನು ಇಟ್ಟಿದ್ರೆ?"

ಅಪ್ಪ ಜೋರಾಗಿ ನಕ್ಕರು. ಆದರೆ ಶೇಂಗಾ ವ್ಯಾಪಾರಿಯಾದ ಅವರು ಅವತ್ತಿನಿಂದ ಮಂಡಿ ರೇಟನ್ನು ಅಡಿಗೆಮನೆಯಲ್ಲಿ ಹೇಳುವುದು ಬಿಟ್ಟರು.

ನೀರಿಲ್ಲದ ಸ್ನಾನ

ಅದು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಒವನ್. ಬಟನ್ ಒತ್ತಿದರೆ ಬಾಗಿಲಿಗೆ ಬೀಗ ಬೀಳುತ್ತದೆ, ಒಳಗಿನ ಜಿಡ್ಡು ಸುಟ್ಟು ಬೂದಿಯಾಗುತ್ತದೆ, ತಣ್ಣಗಾದ ಮೇಲೆ ಬೀಗ ತಾನಾಗಿ ಬಿಡುತ್ತದೆ. ಮೊದಲ ಸಲ 'ಟಕ್' ಎಂದಾಗ ಅಜ್ಜಿ ಬೆಚ್ಚಿಬಿದ್ದರು.

"ಯಾರೇ ಅದು ಒಳಗಿಂದ ಚಿಲಕ ಹಾಕ್ಕೊಂಡೋರು?"

"ಯಾರೂ ಇಲ್ಲಜ್ಜಿ. ಮೈ ಶುಚಿ ಮಾಡ್ಕೊಳ್ತೈತೆ."

ಅಜ್ಜಿ ಗಾಜಿನೊಳಗೆ ಇಣುಕಿದರು. "ಸ್ನಾನಕ್ಕೆ ಬಾಗಿಲು ಹಾಕ್ಕೊಂಡಿದ್ದು ಸರಿ. ನೀರಿಲ್ದೆ ಅದೆಂಥಾ ಸ್ನಾನನೇ?"

ಗುಟ್ಟಿನ ನಂಬರು

ಮೊದಲ ಆರ್ಡರ್ ಮೊಳಕಾಲ್ಮೂರಿನ ಸೀರೆ ಅಂಗಡಿಯವರದು. ಮಗಳ ಹುಟ್ಟುಹಬ್ಬ, ಸಂಜೆ ಬಸ್ಸಿಗೆ ಕೇಕು ಹೋಗಬೇಕು. ಹಿಂದಿನ ದಿನ ಒವನ್ನನ್ನು ಎರಡನೇ ಸಲ ಶುಚಿಗೆ ಬಿಟ್ಟಿದ್ದೆ. ಬೆಳಿಗ್ಗೆ ಪೂರ್ತಿ ತಣ್ಣಗಾಗಿತ್ತು, ಬೀಗ ಮಾತ್ರ ಬಿಟ್ಟಿರಲಿಲ್ಲ. ಮೇನ್ ಆರಿಸಿ ಮತ್ತೆ ಹಾಕಿದೆ. ಒಳಗೆ ಏನೋ ಕಿರ್ರ್ ಎಂದು ಸುಮ್ಮನಾಯಿತು.

"ನೀನೇ ಏನೋ ಒತ್ತಿರ್ತೀಯ," ಎಂದಳು ಅವ್ವ.

"ಇಂಗ್ಲಿಷ್ ಮೀಡಿಯಂ ಓದ್ಸಿದ್ದು ಯಾಕೆ? ಕಂಪನಿಗೆ ಫೋನ್ ಮಾಡು," ಎಂದರು ಅಪ್ಪ.

ಗುರುತಿಲ್ಲದವರ ಜೊತೆ ಮಾತೆಂದರೆ ನನಗೆ ಭಯ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಫೋನ್ ಮಾಡಿದರೆ, ಆ ಕಡೆಯವನು ಕನ್ನಡದಲ್ಲೇ, "ಒವನ್ ಹಿಂದೆ ಒಂದು ನಂಬರ್ ಇರುತ್ತೆ, ಓದಿ ಮೇಡಂ," ಎಂದ. ಬಗ್ಗಿ ಓದತೊಡಗಿದೆ. ಅಪ್ಪ ಫೋನ್ ಕಿತ್ತುಕೊಂಡು ಕಟ್ ಮಾಡಿದರು.

"ಓಟಿಪಿ ಹೇಳ್ತೀಯಲ್ಲೇ, ಬುದ್ಧಿ ಐತಾ?"

ಅರಿಶಿಣ ಹಚ್ಚುವ ಇಲಿ

ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರದ ಮಿಕ್ಸಿ ರಿಪೇರಿಯವನು ಬಂದ. ಅಪ್ಪನ ಕಣ್ಣು ಅವನ ಕೈ ಮೇಲೆ, ನನ್ನದು ಗಡಿಯಾರದ ಮೇಲೆ. ಅವನು ಮೇಲಿನ ತಗಡು ಬಿಚ್ಚಿ, ಬೀಗದ ತೂತಿಗೆ ಟಾರ್ಚ್ ಬಿಟ್ಟ.

"ಅಕ್ಕಿಕಾಳು ಸಿಕ್ಕೊಂಡೈತೆ. ಇಲಿ ಕಾಟ ಐತೇನ್ರಿ?"

"ಹೂನಪ್ಪ, ಇಲಿನೇ," ಎಂದರು ಅಜ್ಜಿ, ಯಾರೂ ಕೇಳುವ ಮೊದಲೇ.

ಅವನು ಚಿಮಟದಲ್ಲಿ ಒಂದು ಕಾಳು ತೆಗೆದು ಬೆಳಕಿಗೆ ಹಿಡಿದ. ಹಳದಿ. "ಇಲಿ ಅಕ್ಕಿ ತರ್ತೈತೆ ಸರಿ. ಅರಿಶಿಣನೂ ಹಚ್ಚಿ ತರ್ತೈತಾ ಅಜ್ಜಿ?"

ಎಲ್ಲರೂ ಅಜ್ಜಿಯತ್ತ ತಿರುಗಿದೆವು. ಅಜ್ಜಿ ಸೆರಗು ಸರಿಮಾಡಿಕೊಂಡರು. "ತಾನೇ ಬೀಗ ಹಾಕ್ಕೊಳ್ಳೋ ವಸ್ತು. ಒಳಗೆ ಏನು ಸೇರ್ಕೊಂಡೈತೋ ಅಂತ ಶಾಂತಿಗೆ ಬೀಗದ ತೂತಿಗೆ ನಾಲ್ಕು ಅಕ್ಷತೆ ಹಾಕ್ದೆ."

"ಶಾಂತಿ ಚೆನ್ನಾಗೇ ಆಗೈತೆ ಬಿಡ್ರಿ, ಬಾಯೇ ಬಿಡ್ತಿಲ್ಲ!" ಎನ್ನುತ್ತ ಅವನು ಉಳಿದ ಕಾಳುಗಳನ್ನೂ ತೆಗೆದ. 'ಟಕ್.' ಬಾಗಿಲು ಬಿಟ್ಟಿತು.

ಕೇಕು ಉಬ್ಬಿತು. ಅಪ್ಪನೇ ಡಬ್ಬ ಹಿಡಿದು ಓಡಿ ಮೊಳಕಾಲ್ಮೂರು ಬಸ್ಸಿಗೆ ಕೊಟ್ಟು ಬಂದು, ಒವನ್ ಇರಲಿ ಎಂದರು. ಆಮೇಲೆ ಅದರ ಹತ್ತಿರ ಹೋಗಿ ಗಟ್ಟಿಯಾಗಿ, "ನಾಳೆ ಶೇಂಗಾ ರೇಟು ಪೂರ್ತಿ ಬಿದ್ದೋಗ್ತೈತಂತೆ!" ಎಂದರು.

"ಹೌದಾ ಅಪ್ಪ?"

ತುಟಿಗೆ ಬೆರಳಿಟ್ಟು ನನ್ನನ್ನು ಹೊರಗೆ ಕರೆದುಕೊಂಡು ಬಂದರು. "ಸುಳ್ಳು. ಕದ್ದು ಕೇಳಿಸ್ಕೊಂಡೋರು ಇದ್ರೆ, ನಂಬ್ಕೊಂಡು ನಾಳೆ ಮಂಡಿಗೆ ಬರ್ದೇ ಇರ್ಲಿ ಅಂತ."