ಫಣಿಮಾವನ ಜನ್ಮಜೋಡಿ ಮೂಗು

"ನೋಡ್ರಪ್ಪಾ ನೋಡಿ! ಜನ್ಮಜೋಡಿ ಮೂಗು!" ಎನ್ನುತ್ತ ಫಣಿಮಾವ ಹಳೆಯ ದುಪ್ಪಟಿಯನ್ನು ಎಳೆದು ಹಾಕಿದ. ಸರಸ್ವತಿಪುರಂನ ಆ ನಡುಮನೆಯಲ್ಲಿ, ದಿವಾನದ ಪಕ್ಕ, ಮಿಕ್ಸಿಯ ಮೋಟಾರು, ಸೀಮೆಎಣ್ಣೆ ಸುರಿಯುವ ಎರಡು ಆಲಿಕೆ, ನೆಗಡಿಗೆ ಹಬೆ ತೆಗೆದುಕೊಳ್ಳುವ ಪಾತ್ರೆ ಎಲ್ಲ ಸೇರಿಕೊಂಡ ಯಂತ್ರವೊಂದು ಸೊರಸೊರ ಸದ್ದು ಮಾಡುತ್ತ ಕುಳಿತಿತ್ತು.

ಕುಮುದಿನಿಗೆ ಮೈಯೆಲ್ಲ ಉರಿದುಹೋಯಿತು. ಇನ್ನೇನು ಗಂಡಿನ ಕಡೆಯವರು ಬರುವ ಹೊತ್ತು, ಅಮ್ಮನ ತಮ್ಮನಿಗೆ ಈಗಲೇ ಸಂಶೋಧನೆಯ ಹುಚ್ಚು!

"ಏನ್ ಮಾವ ಇದು?"

"ನಿನ್ನ ಫೋನಲ್ಲಿರೋ ಹುಲಿಗಂಡಿನ ಕತೆಗಳನ್ನೆಲ್ಲ ಓದ್ದೆ ಕಣೇ! ಮನುಷ್ಯ ಹುಲಿಯಾಗ್ತಾನೆ, ಹುಡುಗಿ ವಾಸನೆ ಹಿಡೀತಾನೆ, ಇವಳೇ ನನ್ನವಳು ಅಂತಾನೆ. ಅದನ್ನೇ ಯಂತ್ರ ಮಾಡಿದೀನಿ! ಜೋಡಿ ಸಿಕ್ಕಿದ್ರೆ ಗಂಟೆ ಹೊಡೆಯತ್ತೆ. ಆಮೇಲೆ ಹಬೆ ಬಿಡತ್ತೆ, ಒಳಗಿರೋ ಪ್ರಾಣಿ ಹೊರಗೆ ಬರತ್ತೆ!"

"ನನ್ನ ಫೋನ್ ಯಾಕೆ ಮುಟ್ಟಿದೆ?"

"ವಿಜ್ಞಾನಕ್ಕೋಸ್ಕರ!"

"ಸುಡ್ಲಿ ನಿನ್ನ ವಿಜ್ಞಾನ! ಅಮ್ಮಾ, ಇದನ್ನ ಹೊರಗೆ ಹಾಕ್ಸು!"

ಅಮ್ಮ ಉಪ್ಪಿಟ್ಟಿನ ಬಾಣಲೆಯಿಂದ ತಲೆಯೆತ್ತಲಿಲ್ಲ. "ಇರ್ಲಿ ಬಿಡೆ. ಜಾತಕ ಕೂಡಿದೆ, ಇದೂ ಕೂಡಿದ್ರೆ ಒಳ್ಳೇದೇ. ಅವರು ಹೂಂ ಅಂದ್ರೆ ಇವತ್ತೇ ತಾಂಬೂಲ ಬದಲಾಯಿಸ್ಕೊಂಡುಬಿಡೋಣ."

"ನನ್ನನ್ನ ಕೇಳಲ್ವಾ?"

"ನಿನ್ನನ್ನ ಏನು ಕೇಳೋದು?"

ಕಾಲೇಜಿನಲ್ಲಿ ಗಣಿತ ಕಲಿಸುವ ಕುಮುದಿನಿ ಆ ಕತೆಗಳನ್ನು ಓದುತ್ತಿದ್ದುದೇ ಇದಕ್ಕೆ. ಅಲ್ಲಿ ಹುಲಿ ಕಾಡಿನಿಂದ ಬರುತ್ತದೆ, ಮೂಗೆತ್ತುತ್ತದೆ, ಮುಗಿಯಿತು. ಎತ್ತರ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ, ಚಿಕ್ಕಪ್ಪನ ಮಗಳು ಯಾರನ್ನು ಕಟ್ಟಿಕೊಂಡಳು ಎಂದು ಕೆದಕುವುದಿಲ್ಲ. ಯಾರಿಗೂ ಏನನ್ನೂ ರುಜುವಾತು ಮಾಡಬೇಕಿಲ್ಲದ ಆ ಒಂದು ಗಳಿಗೆಗಾಗಿ ಅವಳು ಪುಟಗಟ್ಟಲೆ ಕೆಟ್ಟ ಬರವಣಿಗೆಯನ್ನು ಸಹಿಸಿಕೊಂಡಿದ್ದಳು. ಈಗ ಆ ಗಳಿಗೆಯನ್ನೂ ಮಾವ ಒಂದು ಪರೀಕ್ಷೆಯನ್ನಾಗಿ ಮಾಡಿಟ್ಟಿದ್ದ.

ಗಂಡಿನ ಕಡೆಯವರು ಬಂದರು. ಹುಡುಗ ಶ್ರೀವತ್ಸ ನೆಲ ನೋಡುತ್ತ ಕುಳಿತ. ಅವನ ಅಪ್ಪ ಎಲೆಅಡಿಕೆ ಜಗಿಯುತ್ತ ಕುಳಿತರು. ಮಾತೆಲ್ಲ ಅವನ ತಾಯಿಯದೇ.

"ತಟ್ಟೆ ಇಟ್ಟು ಸ್ವಲ್ಪ ಬಾಗಿಲವರೆಗೂ ನಡೆದು ಬಾಮ್ಮಾ. ಹಾಂ. ಒಂದು ದೇವರನಾಮ ಹೇಳು ನೋಡೋಣ."

ಕುಮುದಿನಿ ಹಲ್ಲು ಕಚ್ಚಿಕೊಂಡು ರಾಗ ಎತ್ತಿದಳು. ಫಣಿಮಾವ ಮೆಲ್ಲಗೆ ಗುಂಡಿ ಒತ್ತಿದ. ಯಂತ್ರ ಆಲಿಕೆಗಳನ್ನು ಅವಳತ್ತ ತಿರುಗಿಸಿ ಮೂಸಿತು, ಸೀನಿತು. ಶ್ರೀವತ್ಸನನ್ನು ಮೂಸಿತು. ಆಮೇಲೆ ಅವನ ತಾಯಿಯನ್ನು ಮೂಸಿ ಢಣಢಣ ಗಂಟೆ ಹೊಡೆಯಿತು!

ಹೊಡೆಯದೆ ಏನು? ಮಗನ ಬನಿಯನ್ನನ್ನು ಇಂದಿಗೂ ತನ್ನ ಸೀರೆಯ ಜೊತೆಗೇ ನೆನೆಸಿ ಒಗೆಯುವ, ತನ್ನ ಡಬ್ಬಿಯ ಪೌಡರನ್ನೇ ಅವನ ಕತ್ತಿಗೂ ಹಚ್ಚಿ ಕಳಿಸುವ ತಾಯಿ ಆಕೆ. ಇಬ್ಬರ ವಾಸನೆಯೂ ಒಂದೇ!

"ತಪ್ಪು! ತಪ್ಪು!" ಎಂದು ಫಣಿಮಾವ ಯಂತ್ರದ ನೆತ್ತಿಗೆ ಗುದ್ದಿದ. ಹಬೆ ಭುಸ್ಸೆಂದು ನಡುಮನೆಯೆಲ್ಲ ತುಂಬಿತು. ಶ್ರೀವತ್ಸನಿಗೆ ಮೀಸೆ ಉದ್ದವಾಯಿತು, ಕಿವಿ ಚೂಪಾಯಿತು, ಬಾಲ ಬಂತು. ಅವನು ಮಿಯಾಂವ್ ಎಂದು ನೆಗೆದು ತಾಯಿಯ ಮಡಿಲಲ್ಲಿ ಸುರುಳಿ ಸುತ್ತಿಕೊಂಡ. ಅವನ ಅಪ್ಪನಿಗೆ ಕೊಂಬು ಮೂಡಿದವು. ಅವರು ಜಗಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಫಣಿಮಾವ ಓತಿಕ್ಯಾತನಾಗಿ ಗಡಿಯಾರದ ಮೇಲೆ ಹತ್ತಿ ಕುಳಿತ.

ತಾಯಿಗೆ ಕೋಳಿಪುಕ್ಕ ಬಂದಿತ್ತು. ಆದರೂ ಮಗನ ಬೆನ್ನು ಸವರುತ್ತ ಕೇಳಿದರು: "ಯಾಕಮ್ಮಾ ನಿಲ್ಲಿಸ್ದೆ? ಚರಣ ಹೇಳು!"

ಅಷ್ಟೇ. ಎಷ್ಟೋ ವರ್ಷದಿಂದ ನುಂಗಿಕೊಂಡು ಬಂದ ಸಿಟ್ಟು ಕುಮುದಿನಿಯ ಮೈಮೇಲೆ ಬಂತು. ತೋಳಿನ ಮೇಲೆ ಕಪ್ಪು ಪಟ್ಟೆಗಳು ಸರಸರನೆ ಹರಡಿದವು. ಬೆರಳ ತುದಿಯಲ್ಲಿ ಉಗುರು ಬಾಗಿತು. ಅವಳು ನಿಧಾನವಾಗಿ ಮೂಗೆತ್ತಿ, ಬೆಕ್ಕನ್ನೂ ಕೋಳಿಯನ್ನೂ ಕೋಣವನ್ನೂ ಮೂಸಿ ನೋಡಿದಳು. ನನ್ನವರು ಎನ್ನುವ ವಾಸನೆ ಒಬ್ಬರಲ್ಲೂ ಇರಲಿಲ್ಲ. ಒಳಗೆ ಉಪ್ಪಿಟ್ಟು ತಳ ಹತ್ತುತ್ತಿತ್ತು, ಅಷ್ಟೇ.

"ನಂಗೆ ಒಪ್ಪಿಗೆ ಇಲ್ಲ!" ಎಂದು ಗರ್ಜಿಸಿದಳು. ಕಿಟಕಿಯ ಗಾಜು ಗಡಗಡ ನಡುಗಿತು.

"ಮೆಲ್ಲಗೆ ಕಣೇ, ಪಕ್ಕದ ಮನೆಯವರಿಗೆ ಕೇಳ್ಸತ್ತೆ," ಎಂದು ಅಮ್ಮ ಅಡುಗೆಮನೆಯ ಬಾಗಿಲ ಹಿಂದಿನಿಂದ ಪಿಸುಗುಟ್ಟಿದಳು.

"ಕೇಳ್ಲಿ! ಇನ್ಮೇಲೆ ನಡೆಯೋರು ಗಂಡಿನ ಕಡೆಯೋರು, ನೋಡೋಳು ನಾನು!"

ಕೋಳಿ, ಕೋಣ, ಬೆಕ್ಕು ಮೂರೂ ಚಪ್ಪಲಿ ಬಿಟ್ಟು ಓಡಿದವು. ಸಂಜೆಗೆಲ್ಲ ಹಬೆಯ ಪ್ರಭಾವ ಇಳಿದು ಎಲ್ಲರೂ ಮೊದಲಿನಂತಾದರು. ಫಣಿಮಾವ ಗಡಿಯಾರದಿಂದ ಇಳಿದು, "ನಿನ್ನ ಪಟ್ಟೆ ಮಾತ್ರ ಉಳ್ಕೊಂಡಿದೆ. ತೆಗೆದುಬಿಡ್ಲಾ?" ಎಂದು ಕೇಳಿದ. ಕುಮುದಿನಿ ಸುಮ್ಮನೆ ಹಲ್ಲು ತೋರಿಸಿದಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಶ್ರೀವತ್ಸನ ತಾಯಿ ಈಗಲೂ ಸಿಕ್ಕವರಿಗೆಲ್ಲ ಹೇಳುತ್ತಾರೆ: "ಹುಡುಗಿ ಲಕ್ಷಣವಾಗೇ ಇದ್ಲು. ಮೈಬಣ್ಣ ಒಂದೇ ಸಮ ಇರ್ಲಿಲ್ಲ ಅಂತ ನಾವೇ ಬೇಡ ಅಂದ್ವಿ."